ಕಡತ

ತುರುವೇಕೆರೆ ತಾಲ್ಲೂಕು ಕಚೇರಿಯಲ್ಲಿ ಕಡತವೆಂದರೆ ದಾರ ಕಟ್ಟಿದ ಕಾಗದದ ಕಟ್ಟು. ಮೊದಲು ಅದು ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲುಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥವು ಉಳಿದಿವೆ. ಹಳೆಯ ರೂಪ ‘ಕಡಿತ’. ಚಾಲುಕ್ಯರ ಕಾಲದ ಶಾಸನಗಳಲ್ಲಿ ಬರುವ ‘ಕಡಿತವೆರ್ಗಡೆ’ ಲೆಕ್ಕಪತ್ರದ ಅಧಿಕಾರಿ.

ಕಂಪ್ಯೂಟರ್ ಕನ್ನಡದಲ್ಲಿ ಫೈಲ್ ಎಂದರೆ ಕಡತ, ಫೋಲ್ಡರ್ ಎಂದರೆ ಕಡತಕೋಶ. ತಿಪಟೂರಿನ ಎಂಜಿನಿಯರಿಂಗ್ ಹುಡುಗರು ಫೈಲ್ ಎಂದೇ ಅನ್ನುತ್ತಾರೆ, ಅನ್ನಲಿ. ಪದವಂತೂ ಸರಿಯಾಗಿಯೇ ಕೂತಿದೆ: ಬಟ್ಟೆಯ ಕಡತವನ್ನೂ ಒರೆಸಿ ಮತ್ತೆ ಬರೆಯಬಹುದಿತ್ತು. ಪೈಥಾನ್ ಪ್ರೋಗ್ರಾಮಿನಲ್ಲಿ ಕೊಬ್ಬರಿ ಧಾರಣೆಯ ಕಡತವನ್ನು ‘ಡಬ್ಲ್ಯೂ’ ಮೋಡ್ ಕೊಟ್ಟು ತೆರೆದರೆ ಹಿಂದಿನ ವಾರಗಳ ಧಾರಣೆಯೆಲ್ಲ ಒಮ್ಮೆಗೇ ಅಳಿಸಿಹೋಗುತ್ತದೆ; ಹಳೆಯದರ ಕೆಳಗೆ ಹೊಸದನ್ನು ಸೇರಿಸಬೇಕಾದರೆ ‘ಎ’ ಕೊಡಬೇಕು.