ಬಣ್ಣದ ಶಾಯಿ, ಬಾಳುವ ಬರಹ

ಲಕ್ಷ್ಮೇಶ್ವರದ ಶಿಲಾಶಾಸನಗಳಿಗೆ ಶಾಯಿ ಬೇಕಿರಲಿಲ್ಲ, ಉಳಿಯೇ ಸಾಕಾಯಿತು. ಆದರೆ 15ನೆಯ ಶತಮಾನದಲ್ಲಿ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ರಚಿಸಿದ ಭಾರತವು ಓಲೆಗರಿಗಳಲ್ಲಿ ಉಳಿದು ಬಂದಿತು. ಲಿಪಿಕಾರರು ಕಂಟದಿಂದ ಅಕ್ಷರ ಕೊರೆದು, ಕಾಡಿಗೆ ತಿಕ್ಕಿ ಒರೆಸುತ್ತಿದ್ದರು. ಕಪ್ಪು ಗೀರಿನೊಳಗೆ ಮಾತ್ರ ನಿಲ್ಲುತ್ತಿತ್ತು. ಕಾಡಿಗೆ ಎಂದರೆ ಇಂಗಾಲ. ಅದು ಬಿಸಿಲಿಗೆ ಮಾಸುವುದಿಲ್ಲ. ಒರೆಸಿಹೋದರೂ ಗೀರು ಉಳಿದಿರುತ್ತದೆ, ಮತ್ತೆ ತಿಕ್ಕಿ ಓದಬಹುದು.

ಕಾಗದದ ಮೇಲೆ ಅಳಲೆಕಾಯಿ, ಅನ್ನಭೇದಿಗಳ ಶಾಯಿ ಬಂದಿತು. ಬರೆಯುವಾಗ ತೆಳುವಾಗಿದ್ದು, ಗಾಳಿ ತಗುಲಿದಂತೆ ಅದು ಕಪ್ಪೇರುತ್ತದೆ.

1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನ ಪದಾರ್ಥದಿಂದ ನೇರಳೆ ಬಣ್ಣ ತೆಗೆದನು. ಅಂಥ ಕೃತಕ ಬಣ್ಣಗಳೇ ಫೌಂಟನ್ ಪೆನ್ನಿನ ಬಣ್ಣದ ಶಾಯಿಗಳಿಗೆ ಮೂಲ. ನೀರಿನಲ್ಲಿ ಕರಗಿರುವುದರಿಂದ ಅವು ಸರಾಗವಾಗಿ ಹರಿಯುತ್ತವೆ. ಆದರೆ ನೀರು ಬಿದ್ದರೆ ಕದಡುತ್ತವೆ, ಹಲವು ಬಿಸಿಲಿಗೆ ಬಿಳುಚುತ್ತವೆ.

ಹೊಸ ಶಾಯಿ ತಂದವರು ಚೀಟಿಯ ಮೇಲೆ ನಾಲ್ಕು ಸಾಲು ಬರೆದು, ಅರ್ಧ ಭಾಗವನ್ನು ರಟ್ಟಿನಿಂದ ಮುಚ್ಚಿ, ಕೆಲವು ವಾರ ಬಿಸಿಲಿಗಿಡಲಿ. ಇನ್ನೊಂದು ಚೀಟಿಗೆ ನೀರು ಹನಿಸಲಿ. ಉತ್ತರ ಕಣ್ಣಿಗೇ ಕಾಣುತ್ತದೆ.

ಹಸಿರು, ನೇರಳೆಗಳು ಕುಶಲಪತ್ರಕ್ಕೆ ಅಂದವೇ ಸರಿ. ಆದರೆ ಅಜ್ಜಿಯ ಬೀಸುವ ಹಾಡನ್ನು ಮೊಮ್ಮಕ್ಕಳಿಗಾಗಿ ಬರೆದಿಡುವವರು, ಈ ಪರೀಕ್ಷೆಯಲ್ಲಿ ಗೆದ್ದ ಶಾಯಿಯನ್ನೇ ಪೆನ್ನಿಗೆ ತುಂಬುವುದು ಲೇಸು.