ಬೆವರಿಗೊಂದು ಲೆಕ್ಕ

ನನ್ನಜ್ಜ ಹರೆಯದಲ್ಲಿ ಎರಡು ಬಗೆಯ ದುಡಿಮೆಗೆ ಹೋಗುತ್ತಿದ್ದರು. ಮುಯ್ಯಾಳಾಗಿ ನೆರೆಯವರ ಗದ್ದೆಗೆ, ಬಿಟ್ಟಿಯಾಳಾಗಿ ಒಡೆಯರ ಮನೆಗೆ. ಎರಡರಲ್ಲೂ ಕೂಲಿಯಿಲ್ಲ. ಆದರೆ ಮೊದಲನೆಯದನ್ನು ನಗುತ್ತಾ ನೆನೆಯುತ್ತಿದ್ದರು, ಎರಡನೆಯದರ ಮಾತೇ ಎತ್ತುತ್ತಿರಲಿಲ್ಲ. ಏಕೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸಂಶೋಧನೆಗಾಗಿ ವಸತಿ ಸಹಕಾರ ಸಂಘಗಳ ಇತಿಹಾಸ ಓದುವಾಗ, ದೂರದ ಉರುಗ್ವೆಯಲ್ಲಿ.

ಆ ದೇಶದ 1968ರ ವಸತಿ ಕಾಯ್ದೆ ‘ಪರಸ್ಪರ ನೆರವಿನ’ ಸಂಘಗಳಿಗೆ ಮಾನ್ಯತೆ ಕೊಟ್ಟಿತು. ಮನೆ ಕಟ್ಟಲು ಸರ್ಕಾರ ಸಾಲ ಕೊಡುತ್ತದೆ. ಸದಸ್ಯರು ತಮ್ಮ ಪಾಲಿನ ವಂತಿಗೆಯನ್ನು ದುಡ್ಡಿನ ಬದಲು ದುಡಿಮೆಯಾಗಿ ಸಲ್ಲಿಸಬಹುದು. ಸಾಮಾನ್ಯವಾಗಿ ಪ್ರತಿ ಕುಟುಂಬ ವಾರಕ್ಕೆ 21 ಗಂಟೆ ದುಡಿಯಬೇಕು. ಒಟ್ಟು ವೆಚ್ಚದಲ್ಲಿ ಸುಮಾರು ಶೇಕಡಾ 15ರಷ್ಟು ಹೀಗೆ ತೀರುತ್ತದೆ. ಇಟ್ಟಿಗೆ ಹೊತ್ತವರ ಗಂಟೆಯೂ ಕಾವಲು ಕಾದವರ ಗಂಟೆಯೂ ಪುಸ್ತಕದಲ್ಲಿ ದಾಖಲಾಗುತ್ತದೆ. ಮನೆಗಳ ಒಡೆತನ ಸಂಘದ್ದು, ಕುಟುಂಬಕ್ಕೆ ಇರುವುದು ವಾಸದ ಹಕ್ಕು.

ಸೇನಾಡಳಿತಕ್ಕೆ ಈ ಕೂಡು ಒಡೆತನ ಹಿಡಿಸಲಿಲ್ಲ. ಮನೆಗಳನ್ನು ಬಿಡಿಬಿಡಿ ಖಾಸಗಿ ಆಸ್ತಿಯಾಗಿಸುವ ಕಾನೂನು ತಂದಿತು. ಸ್ವಂತ ಮನೆಯ ಆಸೆ ಯಾರಿಗಿರುವುದಿಲ್ಲ? ಆದರೂ ಸಂಘಗಳ ಒಕ್ಕೂಟವಾದ ಫುಕ್ವಾಮ್ 1984ರ ಫೆಬ್ರವರಿ 26ರಂದು ಬೀದಿಗಿಳಿದು, ಒಂದೇ ದಿನದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿತು. ಕೂಡು ಒಡೆತನ ಉಳಿಯಿತು.

ದುಡ್ಡಿನ ಬದಲು ದುಡಿಮೆ ಎಂಬುದು ತನ್ನಷ್ಟಕ್ಕೆ ಒಳಿತೂ ಅಲ್ಲ, ಕೆಡುಕೂ ಅಲ್ಲ. ಗಂಟೆಗಳನ್ನು ಬರೆದಿಡುವವರು ಯಾರು, ಕಟ್ಟಿದ್ದು ಕೊನೆಗೆ ಯಾರ ಪಾಲಾಗುತ್ತದೆ ಎಂಬುದರಲ್ಲಿ ಎಲ್ಲವೂ ಇದೆ. ಅಜ್ಜನ ಬಿಟ್ಟಿ ದಿನಗಳನ್ನು ಯಾರೂ ಬರೆದಿಡಲಿಲ್ಲ. ಒಡೆಯರ ಮನೆ ಮಾತ್ರ ಇಂದಿಗೂ ಗಟ್ಟಿಯಾಗಿ ನಿಂತಿದೆ.