ನೇಗಿಲ ಕುಳ, ನೂಲಿನ ರಾಟೆ ಮತ್ತು ಲ್ಯಾಪ್‌ಟಾಪ್



ಯಂತ್ರವೊಂದನ್ನು ಕೊಳ್ಳುವಾಗ ನಾವು ಬೆಲೆ, ವೇಗ, ಅಂದ ಈ ಮೂರನ್ನು ವಿಚಾರಿಸುತ್ತೇವೆ. ‘ಇದು ಕೆಟ್ಟರೆ ಬಿಚ್ಚಿ ಸರಿಪಡಿಸುವವರು ಯಾರು?’ ಎಂದು ಕೇಳುವವರು ವಿರಳ. ಹೊಸಬಾಳೆಯ ಸುತ್ತಮುತ್ತಲ ನನ್ನ ಹಳೆಯ ವಿದ್ಯಾರ್ಥಿಗಳು ಈಗ ಮಕ್ಕಳನ್ನು ಕಾಲೇಜಿಗೆ ಕಳುಹಿಸುತ್ತಿದ್ದಾರೆ. “ಮೇಷ್ಟ್ರೇ, ಮಗಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಲಿ?” ಎಂದು ಆಗಾಗ ಕೇಳುತ್ತಾರೆ. ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದ ನನಗೆ ಕಂಪ್ಯೂಟರಿನ ಒಳಗುಟ್ಟು ಅಷ್ಟಾಗಿ ತಿಳಿಯದು. ಆದರೆ ಈ ಪ್ರಶ್ನೆಗೆ ಇತಿಹಾಸವೇ ಬಹುಪಾಲು ಉತ್ತರ ಕೊಡುತ್ತದೆಂಬುದು ನನ್ನ ನಂಬಿಕೆ.

ನಮ್ಮ ಹಿರಿಯರು ಬಳಸಿದ ನೇಗಿಲನ್ನೇ ನೋಡಿ. ಅದರಲ್ಲಿ ಈಸು ಬೇರೆ, ಮೇಣಿ ಬೇರೆ, ಕುಳ ಬೇರೆ. ಕುಳ ಸವೆದರೆ ಕಮ್ಮಾರನಲ್ಲಿಗೆ ಹೋಗುತ್ತಿದ್ದುದು ಕುಳವೇ ಹೊರತು ಇಡೀ ನೇಗಿಲಲ್ಲ. ಈಸು ಮುರಿದರೆ ಬಡಗಿ ಹೊಸದನ್ನು ಕೂರಿಸುತ್ತಿದ್ದ. ಮಾಡಬಲ್ಲವನು, ಸರಿಪಡಿಸಬಲ್ಲವನು, ಬಳಸುವವನು, ಈ ಮೂವರೂ ಕೂಗಳತೆಯ ದೂರದಲ್ಲಿರುತ್ತಿದ್ದರು.

ಕಾರ್ಖಾನೆಯ ಯುಗ ಬಂದ ಮೇಲೆ ಈ ಮೂವರೂ ದೂರವಾದರು. ಅದನ್ನು ಗಾಂಧೀಜಿಯವರು ಚೆನ್ನಾಗಿ ಮನಗಂಡಿದ್ದರು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಅವರು ಮರುವರ್ಷ ಅಖಿಲ ಭಾರತ ಚರಕಾ ಸಂಘವನ್ನು ಸ್ಥಾಪಿಸಿದರು. ಆ ಸಂಘವು 1929ರಲ್ಲಿ ಒಂದು ಸ್ಪರ್ಧೆಯನ್ನು ಘೋಷಿಸಿತು. ಸುಧಾರಿತ ರಾಟೆಯೊಂದನ್ನು ನಿರ್ಮಿಸಿದವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ! ಅದರ ನಿಬಂಧನೆಗಳು ಇಂದಿಗೂ ಓದತಕ್ಕವು. ಯಂತ್ರವು ಹಗುರವಾಗಿರಬೇಕು, ಹಳ್ಳಿಯ ಮನೆಯಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯಬೇಕು, ಬೆಲೆ 150 ರೂಪಾಯಿಗಳನ್ನು ಮೀರಬಾರದು, ಸಕಾಲದಲ್ಲಿ ದುರಸ್ತಿ ಮಾಡುತ್ತಿದ್ದರೆ ಕನಿಷ್ಠ 20 ವರ್ಷ ಬಾಳಬೇಕು, ವರ್ಷದ ದುರಸ್ತಿ ವೆಚ್ಚ ಬೆಲೆಯ ಶೇಕಡ 5ನ್ನು ದಾಟಬಾರದು. ಬಹುಮಾನ ಕೊನೆಗೂ ಯಾರಿಗೂ ಸಲ್ಲಲಿಲ್ಲ. ಆದರೂ ಯಂತ್ರದ ವೇಗದಷ್ಟೇ ಅದರ ಆಯುಷ್ಯ ಮತ್ತು ದುರಸ್ತಿಯನ್ನೂ ಕಾಗದದ ಮೇಲೆ ಬರೆದು ಕೇಳಿದ್ದು ಸಣ್ಣ ಸಂಗತಿಯಲ್ಲ.

ಸ್ವಾತಂತ್ರ್ಯಾನಂತರದ ಉದಾಹರಣೆ ನಮ್ಮ ಎಚ್‌ಎಂಟಿ ಗಡಿಯಾರ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಇದರ ತಯಾರಿಕೆ ಆರಂಭವಾಯಿತು. ಕೀಲಿ ಕೊಡುವ ಆ ಗಡಿಯಾರವನ್ನು ಯಾವುದೇ ಪೇಟೆಯ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಚ್ಚಿ, ತೊಳೆದು, ಮರಳಿ ಜೋಡಿಸಬಲ್ಲವನಾಗಿದ್ದ. ಗಡಿಯಾರ ವಿಭಾಗವನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿರ್ಧರಿಸಿತು. ಕಂಪನಿಯ ಆ ಬಾಗಿಲು ಮುಚ್ಚಿದರೂ ಗಡಿಯಾರಗಳು ಮಾತ್ರ ಅನೇಕರ ಮಣಿಕಟ್ಟಿನ ಮೇಲೆ ಇಂದಿಗೂ ನಡೆಯುತ್ತಿವೆ. ದುರಸ್ತಿಗೆ ಒದಗುವ ವಸ್ತು ತನ್ನನ್ನು ಹೆತ್ತ ಕಂಪನಿಗಿಂತಲೂ ಹೆಚ್ಚು ಕಾಲ ಬಾಳಬಲ್ಲದು. ಇದು ಮೊದಲ ಪಾಠ.

ಎರಡನೆಯ ಪಾಠ ಕಹಿಯಾದುದು. ಅದೂ ಬೆಂಗಳೂರಿನದೇ. 1999ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮೊದಲಾದ ವಿದ್ವಾಂಸರು ಎನ್‌ಕೋರ್ ಕಂಪನಿಯ ತಂತ್ರಜ್ಞರ ಜೊತೆಗೂಡಿ ಸಿಂಪ್ಯೂಟರ್ ಟ್ರಸ್ಟ್ ರಚಿಸಿದರು. ಅಂಗೈಯಲ್ಲಿ ಹಿಡಿಯಬಹುದಾದ ಜನಸಾಮಾನ್ಯರ ಕಂಪ್ಯೂಟರ್ ಅವರ ಗುರಿ. ಅದರಲ್ಲಿ ಮುಕ್ತ ತಂತ್ರಾಂಶವಾದ ಲಿನಕ್ಸ್ ಇತ್ತು. ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್ ವ್ಯವಸ್ಥೆಯಿತ್ತು. ಮೊದಲ ಮಾದರಿ ಕಿರಾಣಿ ಅಂಗಡಿಯಲ್ಲೂ ದೊರೆಯುವಂಥ ಸಣ್ಣ ಬ್ಯಾಟರಿಗಳಿಂದ ನಡೆಯುತ್ತಿತ್ತು. ವಿನ್ಯಾಸವನ್ನೂ ಅವರು ಗುಟ್ಟಾಗಿಡದೆ ಮುಕ್ತ ಪರವಾನಗಿಯಡಿ ಪ್ರಕಟಿಸಿದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡ’ ಮಾದರಿ ಮಾರುಕಟ್ಟೆಗೆ ಬಂದಿತು. ಆದರೆ ನಿರೀಕ್ಷಿಸಿದಷ್ಟು ಜನ ಕೊಳ್ಳಲಿಲ್ಲ. ಕೊಳ್ಳುವವರಿಲ್ಲದಿದ್ದರೆ ಬಿಡಿಭಾಗಗಳಿಲ್ಲ, ಬಿಡಿಭಾಗಗಳಿಲ್ಲದಿದ್ದರೆ ರಿಪೇರಿಯವನಿಲ್ಲ. ಸದುದ್ದೇಶವೊಂದೇ ಯಂತ್ರವನ್ನು ಬದುಕಿಸಲಾರದು.

ಇನ್ನು ಲ್ಯಾಪ್‌ಟಾಪಿನ ವಿಷಯಕ್ಕೆ ಬರೋಣ. 2012ರಲ್ಲಿ ಬಂದ ಆಪಲ್ ಕಂಪನಿಯ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ಬ್ಯಾಟರಿಯನ್ನು ಅಂಟಿನಿಂದ ಕೂರಿಸಿದ್ದರು, ಮೆಮೊರಿಯನ್ನು ಬೆಸುಗೆ ಹಾಕಿದ್ದರು. ಯಂತ್ರಗಳನ್ನು ಬಿಚ್ಚಿ ನೋಡಿ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಅದಕ್ಕೆ ಹತ್ತರಲ್ಲಿ ಒಂದೇ ಅಂಕ ಕೊಟ್ಟಿತು. ತೆಳುವಾಗುವ ಈ ಹಂಬಲವನ್ನು ಉಳಿದವರೂ ಅನುಕರಿಸಿದರು. ಇದಕ್ಕೆ ಪ್ರತಿಯಾಗಿ ಅಮೆರಿಕದ ಫ್ರೇಮ್‌ವರ್ಕ್ ಎಂಬ ಸಣ್ಣ ಕಂಪನಿ 2021ರಲ್ಲಿ ನೇಗಿಲಿನಂಥದೇ ಲ್ಯಾಪ್‌ಟಾಪ್ ತಂದಿತು. ಪರದೆ, ಕೀಲಿಮಣೆ, ಬ್ಯಾಟರಿ, ಕೊನೆಗೆ ಮದರ್‌ಬೋರ್ಡನ್ನೂ ಬಳಕೆದಾರನೇ ಬದಲಿಸಬಹುದು. ತಿರುಪುಳಿಯನ್ನೂ ಜೊತೆಗೇ ಕೊಡುತ್ತಾರೆ! ಅದೇ ವರ್ಷ ಫ್ರಾನ್ಸ್ ದೇಶವು ಲ್ಯಾಪ್‌ಟಾಪ್ ಮುಂತಾದ ವಸ್ತುಗಳ ಮೇಲೆ ದುರಸ್ತಿಯ ಅಂಕವನ್ನು ಮುದ್ರಿಸುವುದನ್ನು ಕಡ್ಡಾಯಗೊಳಿಸಿತು. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆಯಿತು.

ಹಾಗಾದರೆ ನಮ್ಮ ಮೌಲ್ಯಗಳಿಗೆ ಒಪ್ಪುವ ಕಂಪನಿ ಯಾವುದು? ಜಾಹೀರಾತಿನಲ್ಲಿ ಹಸಿರು ಎಲೆಯ ಚಿತ್ರ ಹಾಕದ ಕಂಪನಿಯೇ ಇಂದಿಲ್ಲ. ಮಾತಿಗಿಂತ ಕೃತಿಯನ್ನು ನೋಡಬೇಕು. ನಾನು ಮಕ್ಕಳ ತಂದೆತಾಯಿಯರಿಗೆ ಹೇಳುವ ಪ್ರಶ್ನೆಗಳು ಇವು: ಹಿಂಬದಿಯ ಮುಚ್ಚಳವನ್ನು ಸಾಮಾನ್ಯ ತಿರುಪುಳಿಯಿಂದ ತೆಗೆಯಬಹುದೆ? ಬ್ಯಾಟರಿ ಮತ್ತು ಮೆಮೊರಿಯನ್ನು ಬದಲಿಸಬಹುದೆ? ಬಿಚ್ಚುವ ಕ್ರಮದ ಕೈಪಿಡಿಯನ್ನು ಕಂಪನಿ ಎಲ್ಲರಿಗೂ ಕೊಡುತ್ತದೆಯೆ? ಬಿಡಿಭಾಗ ಎಷ್ಟು ವರ್ಷ ದೊರೆಯುತ್ತದೆ?

ಪಟ್ಟಣದವರಿಗೆ ಇದು ಆದರ್ಶದ ಮಾತಾಗಿ ಕಾಣಬಹುದು. ಸೊರಬ, ಶಿಕಾರಿಪುರದ ಹಳ್ಳಿಗಳಲ್ಲಿ ಇದು ನಿತ್ಯದ ಕಷ್ಟ. ಮಳೆಗಾಲದ ತೇವ, ಗುಡುಗು ಸಿಡಿಲು, ಏರಿಳಿಯುವ ವಿದ್ಯುತ್ತು ಇವುಗಳ ನಡುವೆ ಯಂತ್ರ ಕೆಡುವುದು ಸಹಜ. ಶಿವಮೊಗ್ಗಕ್ಕೆ ಹೋಗಿಬರಲು ಒಂದು ದಿನವೇ ಬೇಕು, ಪರೀಕ್ಷೆಯ ದಿನಗಳಲ್ಲಾದರೆ ಆ ಮಗುವಿನ ಗತಿಯೇನು? ಅಡಕೆಯ ಹಣ ಕೈಸೇರಿದಾಗ 50,000 ರೂಪಾಯಿಯ ಲ್ಯಾಪ್‌ಟಾಪ್ ಕೊಂಡ ಮನೆಯವರು, 1929ರ ಲೆಕ್ಕದಂತೆ ವರ್ಷಕ್ಕೆ 2,500 ರೂಪಾಯಿ ದುರಸ್ತಿಗೆ ತೆಗೆದಿಡಬಹುದು. ‘ಒಳಗಿನ ಬೋರ್ಡೇ ಬದಲಾಗಬೇಕು, ಹೊಸದನ್ನೇ ಕೊಳ್ಳಿ’ ಎಂಬ ಮಾತನ್ನು ಅವರು ತಡೆಯಲಾರರು.

ಆದ್ದರಿಂದ ನನ್ನ ಸಲಹೆ ಸರಳ. ಫ್ರೇಮ್‌ವರ್ಕ್‌ನಂಥ ಯಂತ್ರ ನಮ್ಮ ಕಡೆಯ ಅಂಗಡಿಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅದನ್ನೇ ಹಂಬಲಿಸಿ ಕೂರಬೇಕಾಗಿಲ್ಲ. ಕಚೇರಿಗಳಿಗೆಂದು ತಯಾರಾದ ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್ ಮುಂತಾದವು ಅಪಾರ ಸಂಖ್ಯೆಯಲ್ಲಿ ಮಾರಾಟವಾಗಿವೆ. ಅವುಗಳ ಕೈಪಿಡಿಗಳು ಅಂತರ್ಜಾಲದಲ್ಲೇ ಸಿಗುತ್ತವೆ, ಬಿಡಿಭಾಗಗಳೂ ದೊರೆಯುತ್ತವೆ. ನಂಬಿಕಸ್ಥರಿಂದ ಕೊಂಡ ಬಳಸಿದ ಯಂತ್ರವೂ ಆಗಬಹುದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತೆಂದು ಹಳೆಯದನ್ನು ಎಸೆಯಬೇಕಾಗಿಲ್ಲ. ಸಿಂಪ್ಯೂಟರಿನಲ್ಲಿದ್ದ ಲಿನಕ್ಸ್ ಇಂದು ಇನ್ನಷ್ಟು ಸುಲಭವಾಗಿ, ಕನ್ನಡದ ಸಹಿತ, ಉಚಿತವಾಗಿಯೇ ಲಭ್ಯವಿದೆ.

ಕೊಳ್ಳುವ ಮುನ್ನ ಒಮ್ಮೆ ನಿಮ್ಮ ಪೇಟೆಯ ರಿಪೇರಿ ಹುಡುಗನನ್ನು ವಿಚಾರಿಸಿ. ಕಂಪನಿಗಳ ನಿಜವಾದ ಮೌಲ್ಯ ಅವನಿಗೆ ತಿಳಿದಿರುತ್ತದೆ.